ಮೂವತ್ತೊಂದನೆಯ ಚಿತ್ರ

ವೈದ್ಯಕೀಯ ಕಾಲೇಜಿನ ಗ್ರಂಥಾಲಯದ ಹಿಂಬದಿಯಲ್ಲಿ, ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಹರಿದ ಪುಸ್ತಕಗಳನ್ನು ಬಿಚ್ಚಿ, ಹೊಲಿದು, ರಟ್ಟು ಕಟ್ಟುತ್ತಿದ್ದ ಹೆಂಗಸನ್ನು ಎಲ್ಲರೂ ಬೈಂಡರಮ್ಮ ಎಂದೇ ಕರೆಯುತ್ತಿದ್ದರು. ಅವಳ ಬೆನ್ನುಮೂಳೆ ಒಮ್ಮೆ ಬಲಕ್ಕೆ ಬಾಗಿ, ಮತ್ತೆ ಎಡಕ್ಕೆ ಹೊರಳಿ, ಬಲಭುಜದ ಹಿಂದೆ ಗೂನಾಗಿ ಎದ್ದಿತ್ತು. ನಿಂತರೆ ನಾಲ್ಕೂಕಾಲು ಅಡಿ. ಮೇಜು ಎಟುಕಲೆಂದು ಕುರ್ಚಿಯ ಮೇಲೆ ಎರಡು ಹಳೆಯ ಶಬ್ದಕೋಶ ಹಾಕಿಕೊಂಡು ಕೂರುತ್ತಿದ್ದಳು. “ಇಷ್ಟೊಂದು ಪದದ ಮೇಲೆ ಕೂತೋರು ಈ ಕಾಲೇಜಲ್ಲಿ ಇನ್ಯಾರಿದಾರೆ?” ಎಂದು ಕೇಳುತ್ತಿದ್ದಳು.

ನಾನು ಅದೇ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರ ಕಲಿಸುತ್ತಿದ್ದೆ. ಅವಳ ಕೆಲಸ ಅಚ್ಚುಕಟ್ಟು, ನಾಲಿಗೆ ಹರಿತ ಎಂಬುದರ ಹೊರತು ಹಲವು ವರ್ಷ ನನಗೆ ಅವಳ ಬಗ್ಗೆ ಬೇರೇನೂ ತಿಳಿದಿರಲಿಲ್ಲ. ತಿಳಿದದ್ದು ಒಂದು ಹೊಸ ಪಾಠದಿಂದ.

ಆ ವರ್ಷ ಮೊದಲ ವರ್ಷದವರಿಗೆ ಮಾನವ ದೇಹದ ಪಾಠದ ಜೊತೆಗೆ ಇನ್ನೊಂದು ವಿಷಯ ಸೇರಿಸಿದರು. ದೇಹ ಹೇಗೆ ಕೆಲಸ ಮಾಡುತ್ತದೆ ಎನ್ನುವುದರ ಜೊತೆಗೆ ಆ ದೇಹ ಯಾರದು, ಅದನ್ನು ಯಾರು ನೋಡಬಹುದು, ಯಾರನ್ನು ಕೇಳಿ ನೋಡಬೇಕು ಎನ್ನುವುದನ್ನೂ ಕಲಿಸಬೇಕು. ಆ ಕೆಲಸ ನನ್ನ ಪಾಲಿಗೆ ಬಂತು. ರೋಗಿಗಳನ್ನು ಪುಸ್ತಕದಲ್ಲಿ ಹೇಗೆ ತೋರಿಸುತ್ತೇವೆ ಎಂಬುದರಿಂದ ಶುರುಮಾಡೋಣವೆಂದು ಮೂಳೆರೋಗದ ಪಠ್ಯಪುಸ್ತಕ ತರಿಸಿದೆ. ಅದನ್ನು ಬರೆದವರು ನಮ್ಮ ಕಾಲೇಜಿನವರೇ. ನಿವೃತ್ತರಾಗಿ ಹತ್ತೊಂಬತ್ತು ವರ್ಷವಾದರೂ ಎಲ್ಲರ ಬಾಯಲ್ಲಿ ಇನ್ನೂ ದೊಡ್ಡ ಡಾಕ್ಟರು.

ಪುಸ್ತಕದಲ್ಲಿ ಮೂವತ್ತನೆಯ ಚಿತ್ರವಾದ ಮೇಲೆ ಒಂದು ಖಾಲಿ ಹಾಳೆ, ಅದಾದ ಮೇಲೆ ಮೂವತ್ತೆರಡನೆಯ ಚಿತ್ರ. ಎರಡನೆಯ ಪ್ರತಿ ತರಿಸಿದೆ. ಅದರಲ್ಲೂ ಹಾಗೆಯೇ. ಹನ್ನೊಂದು ಪ್ರತಿ ನೋಡಿದೆ. ಒಂದು ಪುಸ್ತಕದಲ್ಲಾದರೆ ಕೈತಪ್ಪು ಎನ್ನಬಹುದು, ಹನ್ನೊಂದರಲ್ಲಿ ಅಲ್ಲ. ನಾಲ್ಕು ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಕೆಳಗಿನ ಕೋಣೆಗೆ ಹೋದೆ.

“ಇದೇನಮ್ಮ ಇದು?”

ಅವಳು ಹೊಲಿಗೆ ನಿಲ್ಲಿಸಲಿಲ್ಲ. “ಬಿಳಿ ಹಾಳೆ ಮೇಡಂ.”

“ಇಲ್ಲೊಂದು ಚಿತ್ರ ಇರಬೇಕಿತ್ತು.”

“ಇತ್ತು. ನಾನೇ ಕಿತ್ತಿದೀನಿ.”

“ಎಷ್ಟು ಪುಸ್ತಕದಲ್ಲಿ?”

“ನಮ್ಮ ನಲವತ್ತೊಂದರಲ್ಲೂ. ಹುಡುಗರು ಸ್ವಂತ ಪುಸ್ತಕ ಬೈಂಡಿಗೆ ತರ್ತಾರಲ್ಲ, ಅವು ಆರುನೂರು ದಾಟಿರಬಹುದು.”

“ಇದಕ್ಕೆ ಕಳ್ಳತನ ಅಂತಾರೆ. ಗೊತ್ತಾ?”

“ಯಾರ ಕಳ್ಳತನ ಅಂತ ಚಿತ್ರ ನೋಡಿ ಹೇಳಿ,” ಎಂದು ಅವಳು ಮೇಜಿನ ಖಾನೆ ಎಳೆದು ಒಂದು ಹಾಳೆ ಮುಂದಿಟ್ಟಳು. “ಇದೊಂದೇ ಉಳಿಸ್ಕೊಂಡಿರೋದು. ಉಳಿದಿದ್ದೆಲ್ಲ ಸೀಳಿ ಪುಸ್ತಕದ ಬೆನ್ನಿಗೆ ಒಳಗಿಂದ ಅಂಟಿಸಿದೀನಿ. ದಪ್ಪ ಕಾಗದ, ಗಟ್ಟಿ ಕೂರುತ್ತೆ. ಬೆನ್ನಿನ ಚಿತ್ರ ಬೆನ್ನಿಗೇ ಹೋಯ್ತು.”

ಹಾಳೆಯಲ್ಲಿ ಒಬ್ಬಳೇ ಹುಡುಗಿಯ ನಾಲ್ಕು ಚಿತ್ರಗಳು. ಮುಂದಿನಿಂದ, ಹಿಂದಿನಿಂದ, ಎಡದಿಂದ, ಬಲದಿಂದ. ಹಿಂದೆ ಚೌಕಳಿ ಗೆರೆ ಎಳೆದ ಗೋಡೆ. ಮೈಮೇಲೆ ನೂಲಿನೆಳೆಯೂ ಇಲ್ಲ. ಕಣ್ಣುಗಳ ಮೇಲೆ ಕಪ್ಪು ಪಟ್ಟಿ. ಅಡಿಯಲ್ಲಿ, “ಬೆನ್ನುಮೂಳೆಯ ತೀವ್ರ ವಕ್ರತೆ, ಹೆಣ್ಣು, ೧೨ ವರ್ಷ.” ಈ ಚಿತ್ರವನ್ನು ನಾನು ಬೇರೊಂದು ಊರಿನ ಕಾಲೇಜಿನಲ್ಲಿ ಓದುವ ಕಾಲದಲ್ಲಿ ಹತ್ತಾರು ಸಲ ನೋಡಿದ್ದೆ, ಪರೀಕ್ಷೆಗೆಂದು ಕೋನಗಳನ್ನು ಬಾಯಿಪಾಠ ಮಾಡಿದ್ದೆ. ಈಗ ಆ ಬಲಭುಜವನ್ನು ನೋಡಿದೆ, ಎದುರಿಗಿದ್ದ ಬಲಭುಜವನ್ನು ನೋಡಿದೆ. ಬಾಗಿಲು ಹಾಕಿ ಸ್ಟೂಲಿನ ಮೇಲೆ ಕೂತೆ.

ಅವಳು ಹೇಳಿದ್ದು ಇಷ್ಟು.

ಅವಳ ಅಪ್ಪ ಗಾರೆ ಕೆಲಸದವನು. ಮಗಳಿಗೆ ಹನ್ನೆರಡು ತುಂಬಿದಾಗ ಬೆನ್ನು ಬಾಗುತ್ತಿರುವುದು ಅಂಗಿಯ ಮೇಲಿಂದಲೇ ಕಾಣತೊಡಗಿತು. ಆಸ್ಪತ್ರೆಗೆ ಕರೆತಂದ. ದೊಡ್ಡ ಡಾಕ್ಟರು ಆಗ ಇನ್ನೂ ಚಿಕ್ಕ ವಯಸ್ಸಿನವರು. “ಫೋಟೋ ತೆಗೆದು ಅಳತೆ ನೋಡ್ತೀವಿ, ಆಮೇಲೆ ಬೆನ್ನು ಸರಿ ಮಾಡ್ತೀವಿ,” ಎಂದರು. ಅಪ್ಪನನ್ನು ಹೊರಗೆ ನಿಲ್ಲಿಸಿದರು. ಮಗಳ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ಅವನು ಹೊರಗೇ ನಿಂತಿದ್ದ. ಒಳಗೆ ಎಂಟು ಜನ ವಿದ್ಯಾರ್ಥಿಗಳು. ಡಾಕ್ಟರ ಕೈಯಲ್ಲಿ ಅಳತೆಯ ಕೋಲು. “ಸೀದಾ ನಿಂತ್ಕೋ. ಇನ್ನೂ ಸೀದಾ.” ಸೀದಾ ನಿಲ್ಲಲಾಗದ್ದಕ್ಕೇ ಅಲ್ಲಿಗೆ ಬಂದಿದ್ದ ಹುಡುಗಿ ಅವಳು.

ಆಮೇಲೆ ಮೂರು ಸಲ ಹೋದರು. ಬೆಳೆಯುವ ವಯಸ್ಸು, ಎರಡು ವರ್ಷ ಹೋಗಲಿ ಎಂದರು. ಎರಡು ವರ್ಷ ಬಿಟ್ಟು ಹೋದಾಗ ಈಗ ತಡವಾಯಿತು ಎಂದರು. ಅಪ್ಪ ಕೈಮುಗಿದು ಕರೆದುಕೊಂಡು ಬಂದ. ಪುಸ್ತಕವೊಂದು ಬಂದಿದೆ ಎಂಬುದು ಅವರ ಕಿವಿಗೂ ಬೀಳಲಿಲ್ಲ.

ಅವಳ ಸೋದರಮಾವನದು ಬೈಂಡಿಂಗ್ ಅಂಗಡಿ. ಅಲ್ಲಿ ಕೂತು ಕೆಲಸ ಕಲಿತಳು. ಹತ್ತೊಂಬತ್ತರಲ್ಲಿ ಒಂದು ಸಂಬಂಧ ಬಂತು. ಗಡಿಯಾರ ರಿಪೇರಿ ಮಾಡುವವನು, ಹೆಂಡತಿ ಸತ್ತವನು. ಮಾತು ಕಡಿಮೆ. ಅವಳ ಹೊಲಿಗೆಯನ್ನು ಭೂತಗನ್ನಡಿ ಹಿಡಿದು ನೋಡಿ, “ನನ್ನ ಕೈಗಿಂತ ನಿನ್ನ ಕೈಯೇ ವಾಸಿ,” ಎಂದಿದ್ದನಂತೆ. ಅವಳಿಗೆ ಒಪ್ಪಿಗೆಯಾಗಿದ್ದ. ಎರಡೂ ಮನೆಯವರು ಕೂತು ಮಾತಾಡಿದರು. ಆಮೇಲೆ ಅವರ ಕಡೆಯಿಂದ ಸದ್ದಿಲ್ಲ. ಮಾವ ವಿಚಾರಿಸಲು ಹೋದ. ಗಡಿಯಾರದವನ ತಮ್ಮ ನಮ್ಮ ಕಾಲೇಜಿನಲ್ಲಿ ಓದುತ್ತಿದ್ದವನು. ಅಂಗಡಿಯ ಬಾಗಿಲಲ್ಲಿ ನಿಂತು ನಕ್ಕ.

“ಅಣ್ಣ ಬೇಡ ಅಂತಿದಾನೆ ಮಾವ. ನಿಮ್ಮ ಹುಡುಗೀನ ನಮ್ಮ ಕಾಲೇಜಲ್ಲಿ ಎಲ್ರೂ ನೋಡಿ ಆಗಿದೆ. ಹಿಂದೆ, ಮುಂದೆ, ಎರಡೂ ಪಕ್ಕ. ಇವನು ಹೊಸದಾಗಿ ನೋಡೋಕೆ ಏನುಳಿದಿದೆ?”

ಮಾವ ಅವನ ಕೆನ್ನೆಗೆ ಬಾರಿಸಿದ. ಆದರೆ ಹೊಡೆದ ಕೈಯಲ್ಲೇ ಹಳೆಯ ಪುಸ್ತಕದ ಅಂಗಡಿಗೆ ಹೋಗಿ ಆ ಪುಸ್ತಕ ಕೊಂಡುತಂದ. ಮನೆಯಲ್ಲಿ ತೆರೆದು ನೋಡಿದವರು ಅಪ್ಪ, ಅಮ್ಮ, ಮಾವ. ಕೊನೆಗೆ ಅವಳು.

“ಕಣ್ಣಿಗೆ ಪಟ್ಟಿ ಹಾಕಿದ್ರೆ ಗುರುತು ಸಿಗಲ್ಲ ಅಂದ್ಕೊಂಡ್ರು ನೋಡಿ,” ಎಂದಳು ಬೈಂಡರಮ್ಮ. “ಬೆನ್ನಿನ ಡಾಕ್ಟರು ಅಲ್ವಾ ಮೇಡಂ? ನನ್ನ ಗುರುತು ಎಲ್ಲಿದೆ ಅಂತ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?”

ಎರಡು ವರ್ಷದ ಮೇಲೆ ಕಾಲೇಜಿಗೆ ಬೈಂಡರ್ ಬೇಕು ಎಂದು ತಿಳಿದಾಗ ಅರ್ಜಿ ಹಾಕಿದಳು. ಮಾವ ಕೂಗಾಡಿದ. “ಆ ಜಾಗಕ್ಕೇ ಹೋಗ್ತೀಯಾ? ತಲೆ ಕೆಟ್ಟಿದೆಯಾ ನಿನಗೆ?”

“ತಲೆ ನೆಟ್ಟಗಿದೆ ಮಾವ. ಬೆನ್ನು ಮಾತ್ರ ಸೊಟ್ಟ.”

ಹಾವಿನ ಹಗೆ ಹನ್ನೆರಡು ವರ್ಷ ಎನ್ನುತ್ತಾರೆ. ಇವಳದು ಅದರ ಮೂರರಷ್ಟು ಕಾಲ ನಡೆಯಿತು. ಕೈಗೆ ಬಂದ ಪ್ರತಿಯೊಂದು ಪುಸ್ತಕದ ಹೊಲಿಗೆ ಬಿಚ್ಚಿ, ಆ ಹಾಳೆ ಕಿತ್ತು, ಅದೇ ತೂಕದ ಖಾಲಿ ಹಾಳೆ ಸೇರಿಸಿ ಮತ್ತೆ ಹೊಲಿಯುವುದು. ಬರೇ ಕಿತ್ತರೆ ಹೊಲಿಗೆ ಸಡಿಲವಾಗುತ್ತದೆ; ಕೆಟ್ಟ ಕೆಲಸ ಮಾಡುವುದು ಅವಳಿಗೆ ಆಗದು. ದೊಡ್ಡ ಡಾಕ್ಟರು ತಿಂಗಳಿಗೊಮ್ಮೆ ತಮ್ಮ ಸ್ವಂತ ಪುಸ್ತಕಗಳನ್ನು ಅವಳಿಗೇ ತಂದುಕೊಡುತ್ತಿದ್ದರು. ಮೂವತ್ತೈದು ವರ್ಷದಲ್ಲಿ ಒಂದು ಸಲವೂ ಗುರುತು ಹಿಡಿಯಲಿಲ್ಲ. ಒಮ್ಮೆ ಮಾತ್ರ ಬಾಗಿಲಲ್ಲಿ ನಿಂತು ಅವಳ ಬೆನ್ನನ್ನೇ ನೋಡಿದ್ದರಂತೆ.

“ಇದನ್ನ ಚಿಕ್ಕಂದಿನಲ್ಲೇ ತೋರಿಸಿದ್ರೆ ಏನಾದ್ರೂ ಮಾಡಬಹುದಿತ್ತಮ್ಮ.”

“ತೋರಿಸಿದ್ವಿ ಸರ್.”

“ಯಾರಿಗೆ?”

“ಒಬ್ಬ ಡಾಕ್ಟರಿಗೆ.”

“ಯಾವನೋ ಅಯೋಗ್ಯ ಇರಬೇಕು.”

“ಹೌದು ಸರ್,” ಎಂದು ಅವಳು ಪುಸ್ತಕಗಳನ್ನು ಎಣಿಸಿ ತೆಗೆದುಕೊಂಡಳು.

ನಾನು ಈ ವಿಷಯವನ್ನು ಯಾರಿಗೂ ವರದಿ ಮಾಡಲಿಲ್ಲ. ಹಾಗೆಂದು ಅವಳನ್ನು ಹೊಗಳಲೂ ಇಲ್ಲ. ಆ ವಾರದ ಪಾಠಕ್ಕೆ ಬೇರೆ ಉದಾಹರಣೆ ಹುಡುಕಿಕೊಂಡೆ.

ಎಂಟು ತಿಂಗಳು ಕಳೆಯಿತು. ದೊಡ್ಡ ಡಾಕ್ಟರಿಗೆ ಎಂಬತ್ತು ತುಂಬುವ ಸಂದರ್ಭಕ್ಕೆ ಪುಸ್ತಕದ ಹೊಸ ಆವೃತ್ತಿ ತರುವುದೆಂದು ತೀರ್ಮಾನವಾಯಿತು. ಸಮಾರಂಭದಲ್ಲಿ ತೋರಿಸಲು ಒಂದು ಮಾದರಿ ಪ್ರತಿಯನ್ನು ಹೊಲಿದುಕೊಡಲೆಂದು ಹಾಳೆಗಳನ್ನು ಅವರೇ ಬೈಂಡರಮ್ಮನಿಗೆ ಕೊಟ್ಟುಹೋದರು. ಅವಳು ಕಟ್ಟು ಬಿಚ್ಚಿದಳು. ಮೂವತ್ತೊಂದನೆಯ ಚಿತ್ರ ಒಳಗಿನ ಹಾಳೆಯಲ್ಲಿ ಇರಲಿಲ್ಲ. ಹಿಂದಿನಿಂದ ತೆಗೆದ ಆ ಬೆನ್ನು ಮುಖಪುಟದ ತುಂಬ ದೊಡ್ಡದಾಗಿ ಬಂದಿತ್ತು. ಐದು ಸಾವಿರ ಪ್ರತಿ ಅಚ್ಚಾಗಲಿದ್ದವು.

ಅವಳು ನನ್ನ ಕೋಣೆಗೆ ಬಂದಳು. ಮೊದಲ ಸಲ ಬಂದದ್ದು. ಕೂರಲಿಲ್ಲ.

“ಆರುನೂರು ಕಿತ್ತೆ ಮೇಡಂ. ಇನ್ನು ಐದು ಸಾವಿರ ಕೀಳೋಕೆ ನನಗೆ ಆಯಸ್ಸಿಲ್ಲ.”

ಕೀಳುವ ಅಗತ್ಯವಿರಲಿಲ್ಲ. ಕಾಲ ಬದಲಾಗಿತ್ತು. ಚಿತ್ರದಲ್ಲಿರುವವರ ಲಿಖಿತ ಒಪ್ಪಿಗೆ ಬೇಕು, ಅವರು ಸಿಗದಿದ್ದರೆ ಕಾಲೇಜಿನ ನೀತಿ ಸಮಿತಿಯ ಪತ್ರವಾದರೂ ಬೇಕು ಎಂದು ಪ್ರಕಾಶಕರು ಪಟ್ಟು ಹಿಡಿದಿದ್ದರು. ಸಮಿತಿಯ ಅಧ್ಯಕ್ಷೆ ನಾನು. ದೊಡ್ಡ ಡಾಕ್ಟರ ಅರ್ಜಿ ಅದಾಗಲೇ ನನ್ನ ಮೇಜಿನ ಮೇಲಿತ್ತು. “ಚಿತ್ರದಲ್ಲಿರುವ ವ್ಯಕ್ತಿಯ ಸುಳಿವಿಲ್ಲ. ಬಹುಶಃ ಈಗ ಬದುಕಿಲ್ಲ,” ಎಂದು ಬರೆದು ಸಹಿ ಹಾಕಿದ್ದರು. ಅವಳಿಗೆ ಓದಿ ಹೇಳಿದೆ.

“ಒಂದು ದೂರು ಬರೆದುಕೊಡು,” ಎಂದೆ. “ಅರ್ಜಿ ತಳ್ಳಿಹಾಕ್ತೀವಿ. ಅಲ್ಲಿಗೆ ಮುಗೀತು.”

“ಕಾಗದದಲ್ಲೇ ಮುಗಿಸಿಬಿಡ್ತೀರಾ?” ಎಂದಳು. “ನನ್ನನ್ನ ಕಾಗದದಲ್ಲಿ ನಿಲ್ಲಿಸಲಿಲ್ಲ ಅವರು. ಗೋಡೆಗೆ ನಿಲ್ಲಿಸಿದ್ರು. ಅವರು ಬರಲಿ, ನಾನೂ ಬರ್ತೀನಿ. ನಾನು ಸತ್ತಿದೀನಿ ಅಂತ ನನ್ನ ಮುಖ ನೋಡ್ಕೊಂಡು ಹೇಳಲಿ.”

ಸಭೆ ಸೇರಿದ್ದು ಒಂದು ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ. ನಾನು, ಕಾನೂನು ಕಲಿಸುವವರು, ಆಸ್ಪತ್ರೆಯ ಹಿರಿಯ ನರ್ಸು, ರೋಗಶಾಸ್ತ್ರದ ಮುಖ್ಯಸ್ಥರು, ಬರೆದುಕೊಳ್ಳಲು ಗುಮಾಸ್ತ. ದೊಡ್ಡ ಡಾಕ್ಟರು ಕೋಟು ಹಾಕಿಕೊಂಡು ಬಂದಿದ್ದರು. ಚಹಾ ಕುಡಿದರು. ಇದೆಲ್ಲ ಬರೀ ಶಾಸ್ತ್ರಕ್ಕೆ ಎಂಬ ಹಾಗಿತ್ತು ಅವರ ಮಾತು.

“ನಲವತ್ತನಾಲ್ಕು ವರ್ಷದ ಹಿಂದಿನ ಕೇಸು. ಅಂಥಾ ಸುಂದರವಾದ ಬಾಗು ಮತ್ತೆ ನನಗೆ ಸಿಗಲೇ ಇಲ್ಲ. ಎಪ್ಪತ್ತನಾಲ್ಕು ಡಿಗ್ರಿ. ಇವತ್ತಿಗೂ ಕಣ್ಣು ಮುಚ್ಚಿ ಬರೀತೀನಿ.”

“ಆ ಹುಡುಗಿಯ ಮುಖ ನೆನಪಿದೆಯೇ?” ಎಂದು ಕೇಳಿದೆ.

“ಮುಖ ಯಾಕೆ ನೆನಪಿರಬೇಕು?” ಎಂದರು. ನಿಜವಾಗಿಯೂ ಆಶ್ಚರ್ಯವಾಗಿತ್ತು ಅವರಿಗೆ.

ನಾನು ಗುಮಾಸ್ತನಿಗೆ ಸನ್ನೆ ಮಾಡಿದೆ. ಬೈಂಡರಮ್ಮ ಒಳಗೆ ಬಂದಳು.

“ಮಾದರಿ ಪ್ರತಿ ಆಯ್ತಾ? ಅಲ್ಲಿ ಮೇಜಿನ ಮೇಲಿಡಮ್ಮ,” ಎಂದರು ಡಾಕ್ಟರು.

“ಪುಸ್ತಕ ತಂದಿಲ್ಲ ಸರ್. ಎಪ್ಪತ್ತನಾಲ್ಕು ಡಿಗ್ರಿ ತಂದಿದೀನಿ,” ಎಂದು ಅವಳು ಅವರಿಗೆ ಬೆನ್ನು ತಿರುಗಿಸಿ ನಿಂತಳು.

ಅವರು ಎದ್ದರು. ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು, ಕೈ ಚಾಚಿ, ಬೆರಳುಗಳು ಅವಳ ರವಿಕೆಗೆ ಇನ್ನೇನು ತಾಗಬೇಕು ಎನ್ನುವಾಗ ಹಿಂದೆಗೆದುಕೊಂಡರು. ನಾಚಿಕೆಯೋ ಭಯವೋ ಕಾಣಿಸುತ್ತದೆಂದು ನಾವು ಕಾದೆವು. ಕಂಡದ್ದು ಸಂತೋಷ.

“ನೀನೇನಾ! ಬದುಕಿದೀಯಾ! ಒಳ್ಳೇದೇ ಆಯ್ತು ಬಿಡು. ಈ ತಕರಾರೇ ಇಲ್ಲ ಇನ್ನು. ಇಲ್ಲೊಂದು ಸಹಿ ಹಾಕಿಬಿಡು.”

“ಅಯ್ಯೋ ದೇವರೇ,” ಎಂದರು ನರ್ಸು.

ಬೈಂಡರಮ್ಮ ತಿರುಗಿದಳು. “ಹಾಕ್ತೀನಿ ಸರ್. ಒಂದು ಷರತ್ತಿದೆ. ಫೋಟೋ ವಿಭಾಗದಲ್ಲಿ ಆ ಚೌಕಳಿ ಗೋಡೆ ಇನ್ನೂ ಇದೆ. ನೀವು ಅಲ್ಲಿ ನಿಂತ್ಕೋಬೇಕು. ಹಿಂದೆ, ಮುಂದೆ, ಎರಡೂ ಪಕ್ಕ. ಮುಖಪುಟದಲ್ಲಿ ನಾನಾದ್ರೆ, ಹಿಂದಿನ ರಟ್ಟಿನ ಮೇಲೆ ವಯಸ್ಸಾದ ಬೆನ್ನು ಅಂತ ನಿಮ್ಮದನ್ನ ಹಾಕಿಸಿ. ಕಣ್ಣಿಗೆ ಕಪ್ಪು ಪಟ್ಟಿ ಹಾಕಿಸೋಣ, ಯಾರಿಗೂ ಗುರುತು ಸಿಗಲ್ಲ.”

“ಹುಚ್ಚಾಟ ಇದು,” ಎಂದರು ಕಾನೂನಿನವರು.

ದೊಡ್ಡ ಡಾಕ್ಟರು ಮೇಜಿನ ಮೇಲಿದ್ದ ತಮ್ಮ ಅರ್ಜಿಯನ್ನು ನೋಡಿದರು, ನನ್ನನ್ನು ನೋಡಿದರು. ಆ ಪುಸ್ತಕದ ಮೇಲೆ ಅವರಿಗಿದ್ದ ಆಸೆ ಎಷ್ಟೆಂದು ನಮಗೆ ಆವರೆಗೆ ತಿಳಿದಿರಲಿಲ್ಲ. “ಆಗಲಿ,” ಎಂದರು.

“ಅಲ್ಲಿಗೆ ಹೋಗೋ ಮುಂಚೆ ಒಂದು ಸಲ ನೋಡ್ತೀನಿ,” ಎಂದಳು ಅವಳು. “ಇಲ್ಲೇ. ಜನಾನೂ ಇದಾರೆ. ಎಂಟಿಲ್ಲ, ನನ್ನೂ ಸೇರಿಸಿ ಆರೇ.”

ಅವರು ಕೋಟು ತೆಗೆದರು. ಹಿಡಿದುಕೊಳ್ಳಲು ಯಾರೂ ಮುಂದೆ ಬರಲಿಲ್ಲ. ಕುರ್ಚಿಯ ಮೇಲೆ ಹಾಕಿದರು, ಅದು ಜಾರಿ ಕೆಳಗೆ ಬಿತ್ತು. ಅಂಗಿಯ ಗುಂಡಿ ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಬನಿಯನ್ ತೋಳ ಸಂದಿಯಲ್ಲಿ ಹರಿದಿತ್ತು. ಅದನ್ನೂ ತೆಗೆದಾಗ ಅವರ ಚರ್ಮ ಪಕ್ಕೆಗಳಿಂದ ಸಡಿಲವಾಗಿ ತೂಗುತ್ತಿತ್ತು, ಬೆನ್ನು ಕುತ್ತಿಗೆಯ ಕೆಳಗೇ ಮುಂದಕ್ಕೆ ಬಗ್ಗಿತ್ತು. ರೋಗಶಾಸ್ತ್ರದವರು ಕಿಟಕಿಯ ಕಡೆ ತಿರುಗಿದರು. ದಿನವೂ ಸತ್ತವರನ್ನು ಕೊಯ್ಯುವ ಮನುಷ್ಯ ಅವರು.

ಬೈಂಡರಮ್ಮ ಒಂದು ಸುತ್ತು ಬಂದಳು. ನಿಧಾನವಾಗಿ. ಗುಮಾಸ್ತನ ಮೇಜಿನಿಂದ ಅಡಿಕೋಲು ತೆಗೆದುಕೊಂಡು ಅವರ ಬೆನ್ನಿಗೆ ತಾಗದಷ್ಟು ದೂರದಲ್ಲಿ ಹಿಡಿದಳು.

“ಸೀದಾ ನಿಂತ್ಕೊಳ್ಳಿ.”

ಅವರು ಪ್ರಯತ್ನಿಸಿದರು.

“ಇನ್ನೂ ಸೀದಾ.”

“ಆಗಲ್ಲಮ್ಮ,” ಎಂದರು ಡಾಕ್ಟರು.

“ನನಗೂ ಆಗ್ತಿರಲಿಲ್ಲ.”

ಅವರ ಕೈ ಸೊಂಟದ ಪಟ್ಟಿಗೆ ಹೋದಾಗ ಕಾನೂನಿನವರು ಎದ್ದು ನಿಂತರು. “ಸಾಕು, ಸಾಕು! ಅಧ್ಯಕ್ಷರೇ, ನಿಲ್ಲಿಸಿ ಇದನ್ನ!”

ನಾನು ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆಮೇಲೆ ಹಲವರು ನನ್ನನ್ನು ಇದಕ್ಕೆ ಆಕ್ಷೇಪಿಸಿದರು. ಆ ಆಕ್ಷೇಪ ಸರಿಯಾದದ್ದೇ. ನಿಲ್ಲಿಸಿದವಳು ಬೈಂಡರಮ್ಮನೇ. ಅಡಿಕೋಲನ್ನು ಗುಮಾಸ್ತನಿಗೆ ವಾಪಸು ಕೊಟ್ಟು, “ಹಾಕ್ಕೊಳ್ಳಿ ಸರ್,” ಎಂದಳು. “ನಾನು ಸಹಿ ಹಾಕಲ್ಲ.”

ಡಾಕ್ಟರು ಅಂಗಿಯನ್ನು ಎದೆಗೆ ಒತ್ತಿಕೊಂಡು ನಿಂತರು. “ಮಾತು ಕೊಟ್ಟೆಯಲ್ಲ ನೀನು!”

“ನೀವೂ ಕೊಟ್ಟಿದ್ರಿ. ಬೆನ್ನು ಸರಿ ಮಾಡ್ತೀನಿ ಅಂತ ನಮ್ಮಪ್ಪನಿಗೆ. ಪಾಪ, ಅವನು ಸಾಯೋವರೆಗೂ ನಂಬಿದ್ದ. ನೀವು ಐದು ನಿಮಿಷ ನಂಬಿದ್ರಿ, ಅಷ್ಟೇ ತಾನೇ?”

ಸಮಿತಿ ಅರ್ಜಿಯನ್ನು ತಳ್ಳಿಹಾಕಿತು. ಹೊಸ ಆವೃತ್ತಿಯಲ್ಲಿ ಆ ಚಿತ್ರ ಇರಕೂಡದು, ಹಳೆಯ ಪ್ರತಿಗಳಿರುವ ಕಾಲೇಜುಗಳಿಗೆಲ್ಲ ಪತ್ರ ಬರೆಯಬೇಕು, ಮೂಲ ನೆಗೆಟಿವ್‌ಗಳನ್ನು ಚಿತ್ರದಲ್ಲಿರುವವಳಿಗೇ ಒಪ್ಪಿಸಬೇಕು ಎಂದು ನಿರ್ಣಯ ಬರೆಸಿದೆ. ಕಾನೂನಿನವರೂ ಸಹಿ ಹಾಕಿದರು. ಪುಸ್ತಕ ಆರು ತಿಂಗಳು ತಡವಾಗಿ, ಮೂಳೆಯ ರೇಖಾಚಿತ್ರದ ಮುಖಪುಟದೊಂದಿಗೆ ಬಂತು. ದೊಡ್ಡ ಡಾಕ್ಟರು ಸಮಾರಂಭ ಬೇಡವೆಂದರು. ಆರು ಜನ ಕಂಡದ್ದು ಕಾಲೇಜಿನಲ್ಲಿ ಅರವತ್ತು ಜನಕ್ಕೆ ಗೊತ್ತಾಗಲು ಎರಡು ದಿನ ಸಾಕಾಗಿತ್ತು.

ಹಿರಿಯ ನರ್ಸಿಗೆ ಮಾತ್ರ ಮನಸ್ಸು ತಡೆಯಲಿಲ್ಲ. ಒಂದು ಮಧ್ಯಾಹ್ನ ನನ್ನ ಜೊತೆ ಬೈಂಡಿಂಗ್ ಕೋಣೆಗೆ ಬಂದರು.

“ಮುದುಕ ಕಣೇ. ಪಾಪ ಅನ್ನಿಸಲಿಲ್ವಾ?”

“ಅನ್ನಿಸಲಿಲ್ಲ ಅಕ್ಕ. ಹೊಟ್ಟೆ ತಣ್ಣಗಾಯ್ತು.”

“ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತಾರೆ. ನಿನ್ನದೇನು ವಾಪಸು ಬಂತಾ?”

“ಎಲ್ಲಿ ಬರುತ್ತೆ? ಅವರದ್ದೂ ಹೋಯ್ತಲ್ಲ. ಅಷ್ಟು ಸಾಕು.”

ಸೇಡಿನಿಂದ ಮನುಷ್ಯ ಸಣ್ಣವನಾಗುತ್ತಾನೆ ಎಂದು ಹೇಳುವವರು ಬಹಳ. ಅವಳು ಸಣ್ಣವಳಾದದ್ದು ನನಗೆ ಕಾಣಲಿಲ್ಲ. ಆ ವಾರ ಅವಳ ಹೊಲಿಗೆಯಲ್ಲೂ ಏನೂ ವ್ಯತ್ಯಾಸ ಇರಲಿಲ್ಲ.

ನೆಗೆಟಿವ್‌ಗಳು ಫೋಟೋ ವಿಭಾಗದಿಂದ ಬಂದವು. ಹಳೆಯ ಕಾಲದ ಗಾಜಿನವು, ಅಂಗೈಗಿಂತ ದೊಡ್ಡವು, ನಾಲ್ಕು. ಒಡೆದುಹಾಕುತ್ತಾಳೆ ಎಂದುಕೊಂಡಿದ್ದೆ. ಅವಳು ಬಿಸಿನೀರಿಗೆ ಸೋಡಾಪುಡಿ ಹಾಕಿ ನಾಲ್ಕನ್ನೂ ನೆನೆಸಿದಳು. ಚಿತ್ರ ಮೂಡಿದ್ದ ಮೇಲಿನ ಪದರ ಕೆನೆಯಂತೆ ಮುದುರಿ ಎದ್ದುಬಂತು. ಬೆರಳಲ್ಲಿ ತೆಗೆದು ಮೋರಿಗೆ ಹಾಕಿದಳು. ಮೂರು ಗಾಜನ್ನು ಅಂಟು ಕಲಸಲು ಇಟ್ಟುಕೊಂಡಳು.

ನಾಲ್ಕನೆಯದಕ್ಕೆ ಬೇಡಿಕೆ ಬಂತು. ದೊಡ್ಡ ಡಾಕ್ಟರು ಹಾಸಿಗೆ ಹಿಡಿದಿದ್ದರು. ಪುಸ್ತಕಕ್ಕಲ್ಲ, ಯಾರಿಗೂ ತೋರಿಸುವುದಿಲ್ಲ, ಸಾಯುವ ಮುಂಚೆ ಆ ಬಾಗನ್ನು ಒಂದು ಸಲ ನೋಡಬೇಕು, ಬೆನ್ನಿನದೊಂದನ್ನು ಕೊಡಬಹುದೇ ಎಂದು ಮುದಿ ಜವಾನನ ಕೈಯಲ್ಲಿ ಹೇಳಿಕಳಿಸಿದರು. “ಕೊಡಬಹುದು,” ಎಂದಳು ಬೈಂಡರಮ್ಮ. ನಾಲ್ಕನೆಯ ಗಾಜನ್ನು ಒಣಬಟ್ಟೆಯಲ್ಲಿ ಒರೆಸಿ, ಮೆತ್ತನೆಯ ಕಾಗದದಲ್ಲಿ ಸುತ್ತಿ, ದಾರ ಕಟ್ಟಿ ಕೊಟ್ಟಳು.

ಜವಾನ ಮರುದಿನ ಬಂದು ನಮ್ಮಿಬ್ಬರಿಗೂ ವರದಿ ಒಪ್ಪಿಸಿದ.

“ಕಿಟಕಿ ಬೆಳಕಿಗೆ ಹಿಡ್ಕೊಂಡ್ರು. ಆ ಕಡೆ ಈ ಕಡೆ ತಿರುಗಿಸಿದ್ರು. ಕನ್ನಡಕ ಹಾಕ್ಕೊಂಡ್ರು, ತೆಗೆದ್ರು. ‘ಏನೂ ಕಾಣ್ತಿಲ್ವಲ್ಲೋ, ನನ್ನ ಕಣ್ಣು ಹೋಯ್ತಾ?’ ಅಂತ ಕೇಳಿದ್ರು.”

“ನೀನೇನಂದೆ?” ಎಂದಳು ಬೈಂಡರಮ್ಮ.

“ನಾನೇನು ಅನ್ನಲಿ? ಸುಮ್ನಿದ್ದೆ.”

“ಒಳ್ಳೇದು ಮಾಡಿದೆ,” ಎಂದು ಅವಳು ಸೂಜಿಗೆ ದಾರ ಪೋಣಿಸಿದಳು.